ಮಾವನ ಕೈಗುಣ

ನಮ್ಮನೆಯವರು ಮಾವನ ಕೈಯಿಂದ ಇಸ್ತ್ರಿಪೆಟ್ಟಿಗೆ ಕಿತ್ಕೊಂಡಿದ್ದು ಸೋಮವಾರ ಬೆಳಗ್ಗೆ, ಅಂಗಡಿ ತುಂಬ ಗಿರಾಕಿಗಳು ನಿಂತಿದ್ದಾಗ. ಕಿತ್ಕೊಂಡಿದ್ದೇ ತಪ್ಪು ಅಂತ ನಾನು ಹೇಳಲ್ಲ. ಮಾವನ ಬಲಗೈ ವರ್ಷದಿಂದ ನಡುಗ್ತಿತ್ತು. ಆ ದಿನ ಯಾರದೋ ಮದುವೆ ಕೋಟಿನ ಮೇಲೆ ಪೆಟ್ಟಿಗೆ ಸರಿಯದೆ ನಿಂತುಬಿಟ್ಟು ಬೆನ್ನಿನ ಭಾಗ ಕಂದಾಗಿಹೋಗಿತ್ತು. ಆದ್ರೆ ಅಷ್ಟು ಜನರ ಎದುರಿಗೆ "ಬಿಡಿ ಅಪ್ಪಾ, ನಿಮ್ ಕೈಲಿ ಇನ್ನಾಗಲ್ಲ" ಅಂತ ಕೂಗ್ಬೇಕಿತ್ತಾ? ಮಾವ ಕೈ ಒರೆಸ್ಕೊಂಡು ಮೆಟ್ಟಿಲು ಹತ್ತಿ ಮೇಲೆ ಹೋದ್ರು.

ಕೆಳಗೆ ಲಾಂಡ್ರಿ, ಮೇಲೆ ಮನೆ. ಆ ಲಾಂಡ್ರಿ ಕಟ್ಟಿದ್ದೇ ಮಾವ. ಬೆಳಗ್ಗೆ ಬಾಗಿಲು ತೆಗೆಯೋದರಿಂದ ಹಿಡಿದು ಕೊನೇ ದಿಂಬಿನ ಕವರು ಮಡಿಸೋವರೆಗೂ ಅವರು ಕೂತಿದ್ದನ್ನ ನಾನು ಮದುವೆಯಾಗಿ ಬಂದ ಮೇಲೆ ನೋಡಿದ್ದೇ ಇಲ್ಲ. ಅಂಥೋರು ಆ ಸೋಮವಾರದ ನಂತರ ಮೆಟ್ಟಿಲು ಇಳೀಲಿಲ್ಲ. ಕಿಟಕಿ ಹತ್ರ ಕುರ್ಚಿ ಹಾಕ್ಕೊಂಡು ಕೂತ್ರು. ಊಟಕ್ಕೆ ಕರೆದ್ರೆ "ಹಸಿವಿಲ್ಲಮ್ಮ, ನೀವು ತಿನ್ನಿ" ಅನ್ನೋರು, ಆಮೇಲೆ ಎಲ್ಲರದ್ದೂ ಮುಗಿದ ಮೇಲೆ ಅಡುಗೆಮನೆಗೆ ಬಂದು ನಿಂತ್ಕೊಂಡೇ ಒಂದಿಷ್ಟು ತಿಂದು ಹೋಗೋರು. ಚಮಚ ತಟ್ಟೆಗೆ ಟಕಟಕ ಬಡಿಯೋ ಸದ್ದು ನಮಗೆ ಕೇಳಬಾರದು ಅಂತ.

"ಬಿಡೇ, ಕೋಪ ಇಳಿದ್ರೆ ತಾವೇ ಬರ್ತಾರೆ" ಅಂದ್ರು ಅತ್ತೆ.

ಕೋಪ ಆಗಿದ್ರೆ ನನಗೂ ಚಿಂತೆ ಇರ್ತಿರ್ಲಿಲ್ಲ. ಕೋಪ ಬಂದ್ರೆ ನಮ್ಮ ಮಾವ ಬೀದಿಗೆ ಕೇಳೋ ಹಾಗೆ ಬೈಯೋರು. ಇದು ಅದಲ್ಲ. ತನ್ನಿಂದ ಇನ್ನೇನೂ ಆಗಲ್ಲ ಅಂತ ಒಬ್ಬ ಮನುಷ್ಯ ಒಪ್ಕೊಂಡು ಕೂತಿದ್ದು ಇದು. ನೋಡೋಕೆ ಆಗ್ತಿರ್ಲಿಲ್ಲ.

ಅಷ್ಟರಲ್ಲಿ ನಗರಸಭೆಯಿಂದ ಕಾಗದ ಬಂತು. ಊರಿನ ನೀರಿನ ಟ್ಯಾಂಕ್ ಹಿಂದೆ ತರಕಾರಿ ಬೆಳೆಯೋಕೆ ಅಂತ ಮನೆಗೊಂದು ತುಂಡು ಜಾಗ ಕೊಡ್ತಾರೆ. ಎಷ್ಟೋ ಹಿಂದೆ ಮಾವನ ಹೆಸರಲ್ಲಿ ಅರ್ಜಿ ಹಾಕಿ ನಾನೇ ಮರೆತುಬಿಟ್ಟಿದ್ದೆ. ಅರ್ಜಿ ಹಾಕೋಕೆ ಕಾರಣ ಇತ್ತು. ಅಂಗಡಿ ಮೆಟ್ಟಿಲ ಮೇಲೆ ಸೋಪಿನ ಡಬ್ಬಗಳಲ್ಲಿ ಮಾವ ಏನು ನೆಟ್ರೂ ಚಿಗುರ್ತಿತ್ತು. "ನಿಮ್ ಕೈಗುಣ ಚೆನ್ನಾಗಿದೆ, ನಮಗೂ ಒಂದು ಕಡ್ಡಿ ನೆಟ್ಟುಕೊಡಿ" ಅಂತ ಬೀದಿಯೋರೆಲ್ಲ ಕುಂಡ ಹಿಡ್ಕೊಂಡು ಬರ್ತಿದ್ರು.

ಊಟದ ಹೊತ್ತಲ್ಲಿ ವಿಷಯ ತೆಗೆದೆ.

"ಅದೊಂದು ಕಡಿಮೆಯಾಗಿತ್ತು ನೋಡು" ಅಂದ್ರು ನಮ್ಮನೆಯವರು. "ಎರಡು ತಿಂಗಳಲ್ಲಿ ಅರ್ಧ ಜಾಗ ಹಸನು ಮಾಡಿ ಬೆಳೆ ತೋರಿಸ್ಬೇಕಂತೆ. ಇಲ್ದಿದ್ರೆ ಸರದಿಯಲ್ಲಿರೋ ಮುಂದಿನವರಿಗೆ ಕೊಡ್ತಾರಂತೆ. ಯಾರು ಮಾಡ್ತಾರೆ? ನಂಗೆ ಹೋಟೆಲಿನ ಬೆಡ್‌ಶೀಟೇ ರಾಶಿ ಬಿದ್ದಿದೆ."

"ತಾತ ಮಾಡ್ತಾರೆ" ಅಂದ್ಳು ಪುಟ್ಟಿ. ಪುಟ್ಟಿ ಅಂದ್ರೆ ನನ್ನ ಮಗಳು. ಕಾಲೇಜಿಗೆ ಹೋಗ್ತಾಳೆ, ಆದ್ರೂ ಹೆಸರು ಅದೇ ಉಳಿದಿದೆ. ಬಾಯಿ ಮಾತ್ರ ಅವಳಜ್ಜಿಯದ್ದು.

"ಆ ಕೈಯಲ್ಲಿ ಗುದ್ದಲಿ ಹಿಡೀತಾರಾ?"

ಬಾಗಿಲ ಹತ್ರದಿಂದ ಉತ್ತರ ಬಂತು. "ಗುದ್ದಲಿ ಕೋಟು ಸುಡಲ್ಲ ಕಣೋ."

ಎಲ್ಲರೂ ತಿರುಗಿ ನೋಡಿದ್ವಿ. ಮಾವ ಖಾಲಿ ತಟ್ಟೆ ಹಿಡ್ಕೊಂಡು ನಿಂತಿದ್ರು. ಮಗನ ಮುಖ ನೋಡದೆ ನನ್ನನ್ನ ಕೇಳಿದ್ರು: "ಎಲ್ಲಿದೆಯಮ್ಮ ಆ ಜಾಗ?"

ಮಾರನೇ ದಿನ ನೋಡೋಕೆ ಹೋದ್ವಿ. ಜಾಗ ಎಲ್ಲಿದೆ ಅಂತಾನೇ ಕಾಣ್ತಿರ್ಲಿಲ್ಲ! ಸೊಂಟದೆತ್ತರ ಹುಲ್ಲು, ಮುಳ್ಳಿನ ಪೊದೆ, ಅದರೊಳಗೆ ಕಾಲು ಮುರಿದ ಕುರ್ಚಿ, ಎರಡು ಟೈರು, ಒಡೆದ ಬಾಟಲಿ. ಅತ್ತೆ ಗೇಟಿನ ಹತ್ರಾನೇ ನಿಂತು, "ಹಾವಿರತ್ತೆ, ನಡೀರಿ ಮನೆಗೆ" ಅಂದ್ರು. ಪುಟ್ಟಿ ಮೂಗು ಮುಚ್ಕೊಂಡ್ಳು. ಮಾವ ಮಾತ್ರ ಸೊಂಟದ ಮೇಲೆ ಕೈಯಿಟ್ಕೊಂಡು ತುಂಬಾ ಹೊತ್ತು ನೋಡಿದ್ರು. ಕೊಳೆ ಬಟ್ಟೆ ಗಂಟು ಬಂದಾಗ ನೋಡ್ತಿದ್ರಲ್ಲ, ಹಾಗೇ.

"ಮೊದಲು ವಿಂಗಡಿಸ್ಬೇಕು" ಅಂದ್ರು.

ವಿಂಗಡಿಸಿದ್ರು ಕೂಡ. ಬಿಳಿ ಬಟ್ಟೆ ಬೇರೆ, ಬಣ್ಣದ್ದು ಬೇರೆ ಅಂತ ಮಾಡೋ ಹಾಗೆ ಮುಳ್ಳಿನ ರಾಶಿ ಒಂದು ಕಡೆ, ಹುಲ್ಲಿನ ರಾಶಿ ಇನ್ನೊಂದು ಕಡೆ, ಕಲ್ಲು ಒಂದು ಕಡೆ, ಗಾಜಿನ ಚೂರು ಬಕೆಟ್ಟಿನಲ್ಲಿ. ಬೆಡ್‌ಶೀಟ್ ಮಡಿಸೋ ಅಳತೆಯಲ್ಲಿ ಪಾತಿ ಗುರುತು ಹಾಕಿದ್ರು. ಮೂಲೆ ಮೂಲೆಗೆ ಕಡ್ಡಿ ನೆಟ್ಟು, ಬಟ್ಟೆಗೆ ಕಟ್ಟೋ ನಂಬರ್ ಚೀಟಿ ಕಟ್ಟಿದ್ರು. ಪಕ್ಕದ ಜಾಗದ ಹೆಂಗಸು ಒಬ್ಬರು ದೊಡ್ಡ ಹುಲ್ಲಿನ ಟೋಪಿ ಹಾಕ್ಕೊಂಡು ಬರೋರು. ನಿವೃತ್ತ ನರ್ಸು, ನಾವು ಟೋಪಿ ಅಕ್ಕ ಅಂತ ಹೆಸರಿಟ್ಟಿದ್ವಿ. ಅವರು ಚೀಟಿ ನೋಡಿ ನಕ್ಕಿದ್ದೇ ನಕ್ಕಿದ್ದು.

"ಯಜಮಾನ್ರೇ, ನಿಮ್ ಪಾತಿ ಯಾವತ್ತು ರೆಡಿಯಾಗತ್ತೆ? ಗುರುವಾರ ಸಂಜೆ ಬರ್ಲಾ?"

"ರಶೀದಿ ತಗೊಂಡು ಬನ್ನಿ" ಅಂದ್ರು ಮಾವ.

ಆ ಮಾತನ್ನ ಮನೆಗೆ ಬಂದು ಹೇಳಿದಾಗ ಅತ್ತೆಗೆ ನಂಬಿಕೆನೇ ಬರ್ಲಿಲ್ಲ. "ತಮಾಷೆ ಮಾಡಿದ್ರಾ? ಇವರಾ?" ಅಂತ ಎರಡೆರಡು ಸಲ ಕೇಳಿದ್ರು. ಮಾರನೇ ದಿನದಿಂದ ಊಟದ ಡಬ್ಬಿ ತಗೊಂಡು ತಾವೇ ಹೊರಟ್ರು. ಹಾವಿನ ಮಾತು ಮತ್ತೆ ಬರ್ಲಿಲ್ಲ.

ಅರ್ಧ ಜಾಗದ ಹುಲ್ಲು ಎಷ್ಟು ಕಿತ್ರೂ ಬೇರಿಂದ ಮತ್ತೆ ಬರ್ತಿತ್ತು. "ಬೆಳಕು ಬೀಳದ ಹಾಗೆ ಮುಚ್ಚಿಬಿಡಿ, ತಾನೇ ಸಾಯತ್ತೆ" ಅಂದ್ರು ಟೋಪಿ ಅಕ್ಕ. ಮುಚ್ಚೋಕೇನು, ನಮ್ಮ ಅಟ್ಟದಲ್ಲಿ ಗಿರಾಕಿಗಳು ಒಗೆಯೋಕೆ ಕೊಟ್ಟು ವಾಪಸ್ ತಗೊಳ್ಳದೇ ಹೋದ ದಪ್ಪ ದಪ್ಪ ಪರದೆಗಳಿದ್ವು. ಅತ್ತೆ, ಪುಟ್ಟಿ ಸೇರಿ ಕೆಳಗಿಳಿಸೋವಾಗ ನಮ್ಮನೆಯವರು ಅಡ್ಡ ಬಂದ್ರು.

"ಅಮ್ಮಾ, ಗಿರಾಕಿಗಳ ಮಾಲು ಅದು! ನಾಳೆ ಬಂದು ಕೇಳಿದ್ರೆ?"

"ಪುಟ್ಟಿ ಅಂಬೆಗಾಲಿಡೋವಾಗ ಕೊಟ್ಟು ಹೋದೋರು ಕಣೋ. ಅವರ ಮನೆ ಕಿಟಕಿನೇ ಬಿದ್ದೋಗಿರತ್ತೆ."

"ಹೋಗ್ಲಿ, ಏನಾದ್ರೂ ಮಾಡ್ಕೊಳ್ಳಿ" ಅಂತ ಗೊಣಗ್ತಾನೇ ಅವರು ಇನ್ನೊಂದು ತುದಿ ಹಿಡಿದು ವ್ಯಾನಿಗೆ ಹಾಕ್ಕೊಟ್ರು. ಅಪ್ಪನ ಜಾಗದ ಗೇಟಿನವರೆಗೂ ತಂದು ಇಳಿಸಿದ್ರು. ಒಳಗೆ ಮಾತ್ರ ಕಾಲಿಡಲಿಲ್ಲ.

ಉಳಿದರ್ಧದಲ್ಲಿ ಮಾವ ಬೀನ್ಸು, ಟೊಮೆಟೊ, ಪಾಲಕ್ ಹಾಕಿದ್ರು. ಕೈ ನಡುಗೋದರಿಂದ ಬೀಜ ಒಂದೊಂದೇ ಬೀಳೋ ಬದಲು ನಾಲ್ಕು ನಾಲ್ಕು ಬೀಳೋವು. "ಒಳ್ಳೇದೇ ಆಯ್ತು, ಒಂದಕ್ಕೊಂದು ಜೊತೆ" ಅನ್ನೋರು. ಬೀನ್ಸ್ ಮೊಳಕೆ ಮಣ್ಣು ಎತ್ಕೊಂಡು ಮೇಲೆ ಬಂದ ದಿನ ಸಂಜೆ, ಯಾರೂ ಕರೀದೇನೇ ಬಂದು ಮೇಜಿಗೆ ಕೂತ್ರು. ಚಮಚ ಟಕಟಕ ಅಂತು. ಯಾರೂ ಆ ಕಡೆ ನೋಡ್ಲಿಲ್ಲ. ಅತ್ತೆ ಇನ್ನೊಂದು ರೊಟ್ಟಿ ಹಾಕಿದ್ರು, ತಿಂದ್ರು. ನಾನು ಒಲೆ ಕಡೆ ತಿರುಗಿ ಸೆರಗಿನಲ್ಲಿ ಕಣ್ಣೊರೆಸ್ಕೊಂಡೆ.

ಮಲಗೋ ಮುಂಚೆ ನಮ್ಮನೆಯವರು ಮೆಲ್ಲಗೆ ಕೇಳಿದ್ರು: "ನಲ್ಲಿ ಹತ್ರ ಇದೆಯಾ ಅಲ್ಲಿ?"

"ಎಲ್ಲಿ ಹತ್ರ? ಗೇಟಿಂದ ಹೊರೋದು. ಅರ್ಧ ಬಕೆಟ್ ತುಂಬ್ಕೊಂಡು ಹೊರಡ್ತಾರೆ, ಹೋಗೋಷ್ಟರಲ್ಲಿ ಅದರಲ್ಲಿ ಅರ್ಧ ಚೆಲ್ಲಿರತ್ತೆ."

"ಹೂಂ" ಅಂದ್ರು.

"ಅಷ್ಟು ಕಕ್ಕುಲಾತಿ ಇದ್ರೆ ಹೋಗಿ ಎರಡು ಬಕೆಟ್ ಹೊತ್ತುಕೊಡಿ."

"ನಾನು ಹೋದ್ರೆ ಮುಖ ತಿರುಗಿಸ್ತಾರೆ ಕಣೆ." ಅಷ್ಟು ಹೇಳಿ ಗೋಡೆ ಕಡೆ ಹೊರಳಿದ್ರು.

ಸ್ವಲ್ಪ ದಿನಕ್ಕೆ ಮಾವನಿಗೆ ಒಂದು ಹೊಸ ಹೆಮ್ಮೆ ಶುರುವಾಯ್ತು. "ಎಂಥಾ ನೆಲ ಅಂತೀಯಮ್ಮ! ಬೆಳಗ್ಗೆ ಹೋಗೋಷ್ಟರಲ್ಲಿ ತಾನೇ ಒದ್ದೆ ಇರತ್ತೆ. ತೇವ ಹಿಡಿದಿಟ್ಕೊಳ್ಳತ್ತೆ" ಅನ್ನೋರು. ಟೋಪಿ ಅಕ್ಕ ಮಗಳ ಮನೆಗೆ ಹೋಗಿದ್ರು, ಇದ್ದಿದ್ರೆ ಆಗಲೇ ಏನಾದ್ರೂ ಹೇಳ್ತಿದ್ರೋ ಏನೋ.

ಆಮೇಲೆ ಬೀನ್ಸಿನ ಎಲೆ ಅಂಚು ಕಂದಾಯ್ತು. ಪಾಲಕ್ ಹಳದಿ ತಿರುಗಿ ನೆಲಕ್ಕೆ ಅಂಟ್ಕೊಂತು. ಟೊಮೆಟೊ ಸಸಿ ತಲೆ ಬಗ್ಗಿಸಿದ್ದು ಎತ್ತಲೇ ಇಲ್ಲ. ಮಾವ ಬೇವಿನ ನೀರು ಹಾಕಿದ್ರು, ಬೂದಿ ಹಾಕಿದ್ರು, ನೆರಳು ಕಟ್ಟಿದ್ರು. ಒಂದು ಮಧ್ಯಾಹ್ನ ಹೊತ್ತಿಗೆ ಮುಂಚೆನೇ ಮನೆಗೆ ಬಂದು, ಕೈ ತೊಳ್ಕೊಂಡು, ಕಿಟಕಿ ಹತ್ರದ ಕುರ್ಚಿಯಲ್ಲಿ ಕೂತ್ರು.

"ಏನಾಯ್ತು ತಾತ?" ಅಂದ್ಳು ಪುಟ್ಟಿ.

"ಕೈಗುಣ ಹೋಯ್ತು ಪುಟ್ಟೀ. ಈ ಕೈ ಮುಟ್ಟಿದ್ದೆಲ್ಲ ಸುಟ್ಟೋಗತ್ತೆ ಈಗ."

ಹಾಗಂದು ನಕ್ರು. ಆ ನಗು ನೋಡಿ ಅತ್ತೆ ಎದ್ದು ಒಳಗೆ ಹೋದ್ರು. ಅವರು ಅಳೋದು ಕೇಳಿಸ್ತು.

ಮಾವ ಎರಡು ದಿನ ಆ ಕಡೆ ಹೋಗ್ಲಿಲ್ಲ. ಭಾನುವಾರ ಅಂಗಡಿ ರಜ, ಹೋಟೆಲಿಗೆ ಶೀಟ್ ಕೊಡೋದು ಮಾತ್ರ ತಪ್ಪಲ್ಲ. ಒಂದೆರಡು ಸಸಿಯಾದ್ರೂ ಉಳಿದಿದ್ರೆ ಕುಂಡಕ್ಕೆ ಹಾಕ್ಕೊಂಡು ಬರೋಣ ಅಂತ ಬೆಳಗ್ಗೆ ನಾನೇ ಹೋದೆ. ನೋಡಿದ್ರೆ ಪಾತಿ ಪೂರ್ತಿ ಒದ್ದೆ! ಎರಡು ದಿನದಿಂದ ಒಂದು ತೊಟ್ಟು ನೀರು ಹಾಕಿದೋರಿಲ್ಲ, ಮಳೆ ಇಲ್ಲ, ಆದ್ರೂ ಒದ್ದೆ. ಅಂಚು ಒಣಗಿದ ಕಡೆ ಬೆಳ್ಳಗೆ ಪುಡಿ ಕಟ್ಟಿತ್ತು. ಬಗ್ಗಿ ಒಂದು ಹಿಡಿ ಮಣ್ಣು ತಗೊಂಡು ಮೂಸಿದೆ. ಮದುವೆಯಾದಾಗಿನಿಂದ ನನ್ನ ಸೀರೆಯಲ್ಲಿ, ಕೂದಲಲ್ಲಿ, ಹಾಸಿಗೆಯಲ್ಲಿ ಇರೋ ವಾಸನೆ ನನಗೆ ಗೊತ್ತಾಗಲ್ವಾ? ಬ್ಲೀಚು, ಸೋಡ. ನಮ್ಮ ಲಾಂಡ್ರಿ ನೀರು.

ಮನೆಗೆ ಬಂದಾಗ ನಮ್ಮನೆಯವರು ವ್ಯಾನ್ ಒರೆಸ್ತಿದ್ರು. ಹಿಂದೆ ಎರಡು ಡ್ರಮ್ಮು.

"ರೀ, ಬೆಳಗ್ಗೆ ಹೋಟೆಲಿಗೆ ಶೀಟ್ ಕೊಡೋಕೆ ಹೋಗೋವಾಗ ಎಲ್ಲಿ ನಿಲ್ಲಿಸ್ತೀರಿ?"

ಅವರು ಒರೆಸೋದು ನಿಲ್ಲಿಸಿದ್ರು. "ಯಾಕೆ? ಅಪ್ಪನಿಗೆ ಗೊತ್ತಾಯ್ತಾ?"

"ಯಾವ ನೀರು ಹಾಕ್ತಿದ್ರಿ?"

"ಶೀಟ್ ಜಾಲಾಡಿದ್ದು. ಕೊಳೆ ನೀರಲ್ಲ ಕಣೆ, ನೋಡೋಕೆ ಸ್ವಚ್ಛವಾಗೇ ಇರತ್ತೆ. ಸುಮ್ನೆ ಚರಂಡಿಗೆ ಹೋಗೋ ನೀರು ತಾನೆ, ಅಪ್ಪ ಹೊರೋದು ತಪ್ಪತ್ತಲ್ಲ ಅಂತ..."

"ಅಯ್ಯೋ ಪುಣ್ಯಾತ್ಮ! ಅದರಲ್ಲಿ ಬ್ಲೀಚಿರತ್ತೆ! ಗಿಡ ಬಾಡಿದ್ದು ಕಾಣ್ಲಿಲ್ವಾ?"

"ಕಾಣ್ತು. ಬಾಡ್ತಿದೆ ಅಂತಾನೇ ಇನ್ನೂ ಜಾಸ್ತಿ ಹಾಕ್ದೆ."

ಬೆಳಕು ಹರಿಯೋ ಮುಂಚೆ ಎದ್ದು, ಡ್ರಮ್ಮು ತುಂಬಿ, ಅಪ್ಪನ ಕಣ್ಣಿಗೆ ಬೀಳದ ಹಾಗೆ ನೀರು ಹಾಕಿ ಬರೋ ಮನುಷ್ಯ! ಒಂದು "ತಪ್ಪಾಯ್ತು ಅಪ್ಪಾ" ಅಂದಿದ್ರೆ ಮುಗೀತಿತ್ತು. ಅದು ಮಾತ್ರ ಬಾಯಿಗೆ ಬರಲ್ಲ, ಡ್ರಮ್ಮುಗಟ್ಟಲೆ ನೀರು ಹೊರೋಕೆ ಬರತ್ತೆ.

"ಹೋಗಿ ಹೇಳಿ" ಅಂದೆ.

"ಹೇಗೆ ಹೇಳ್ಲಿ? ಪೆಟ್ಟಿಗೆ ಕಿತ್ಕೊಂಡೆ, ಈಗ ತೋಟಾನೂ ನಾನೇ ಸಾಯಿಸ್ದೆ ಅಂತ ಹೇಳ್ಲಾ?"

"ಹೂಂ. ಹಾಗೇ ಹೇಳಿ."

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ವಿ. ಅತ್ತೆ ಬಲವಂತ ಮಾಡಿ ಮಾವನ್ನ ಕೂರಿಸಿದ್ರು. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ಮಾವ ತುತ್ತು ಎತ್ತಲಿಲ್ಲ.

"ನಾಳೆ ಕಚೇರಿಗೆ ಹೋಗಿ ಜಾಗ ಬಿಟ್ಟುಕೊಟ್ಟು ಬರ್ತೀನಿ" ಅಂದ್ರು. "ಸರದಿಯಲ್ಲಿ ಯಾರೋ ಕಾಯ್ತಿರ್ತಾರೆ. ಕೈ ಸರಿ ಇರೋರು ಮಾಡ್ಲಿ."

ಪುಟ್ಟಿ, "ತಾತ, ಬೇಡ" ಅಂದ್ಳು. ನಾನು ನಮ್ಮನೆಯವರನ್ನೇ ನೋಡ್ತಿದ್ದೆ. ಅವರು ತಟ್ಟೆ ನೋಡ್ತಿದ್ರು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ, ಸರಿಯಾಗೇ ತುಳಿದೆ.

"ಅಪ್ಪಾ, ನಿಮ್ ಕೈ ಅಲ್ಲ. ನಾನು."

"ಏನು ನೀನು?"

"ಬೆಳಗ್ಗೆ ಬೆಳಗ್ಗೆ ಲಾಂಡ್ರಿ ನೀರು ಹಾಕ್ತಿದ್ದೆ. ನೀವು ಹೊರೋದು ಬೇಡ ಅಂತ. ಗಿಡ ಸತ್ತಿದ್ದು ಅದಕ್ಕೇ. ನಿಮ್ ಕೈಗುಣ ಎಲ್ಲೂ ಹೋಗಿಲ್ಲ."

ಮಾವ ನಿಧಾನಕ್ಕೆ ಮುಂದೆ ಬಗ್ಗಿದ್ರು.

"ಮೊದಲನೇ ಜಾಲಾಡಿದ್ದೋ, ಎರಡನೇದೋ?"

"ಮೊದಲನೇದು."

"ಬ್ಲೀಚ್ ಹಾಕಿದ ಶೀಟಿನ ಮೊದಲನೇ ನೀರಾ?"

"ಹೂಂ ಅಪ್ಪ."

"ಅಯ್ಯೋ ಕತ್ತೆ!" ಮಾವ ಮೇಜು ಕುಟ್ಟಿದ್ರು, ಬೇಳೆ ಬಟ್ಟಲು ಹಾರಿ ಬಿತ್ತು. "ಕೋಣ! ಇಷ್ಟು ವರ್ಷ ಲಾಂಡ್ರಿ ನಡೆಸಿದ್ದೀಯ, ಆ ನೀರು ಕಾಲಿನ ಚರ್ಮ ಸುಲಿಯತ್ತೆ ಅಂತ ಗೊತ್ತಿಲ್ವಾ ನಿಂಗೆ? ಹಾಲುಗೆನ್ನೆ ಸಸಿಗಳ ಮೇಲೆ ಸುರಿದ್ಯಲ್ಲೋ! ನನ್ನ ಹೊಟ್ಟೇಲಿ ಹುಟ್ಟಿದೋನಾ ನೀನು?"

"ನನ್ ಹೊಟ್ಟೇಲಿ ರೀ" ಅಂದ್ರು ಅತ್ತೆ. "ತಲೆ ಮಾತ್ರ ನಿಮ್ಮ ಕಡೆಯದ್ದು."

ಬೀದಿಗೆ ಕೇಳೋ ಹಾಗೆ ಬೈದ್ರು ಮಾವ, ಏನು ಸೊಗಸಾಗಿತ್ತು ಅಂತೀರಿ! ಎದುರು ಮನೆಯೋರು ಕಿಟಕಿ ತೆಗೆದು ನೋಡಿದ್ರು. ನಮ್ಮನೆಯವರು ತಲೆ ತಗ್ಗಿಸಿ ಕೂತಿದ್ರು, ಕಣ್ಣಿಂದ ನೀರು ತಟ್ಟೆಗೆ ಬೀಳ್ತಿತ್ತು, ಆದ್ರೂ ಮುಖದಲ್ಲಿ ಒಂದು ನೆಮ್ಮದಿ. ಬೈದು ಬೈದು ಸುಸ್ತಾದ ಮಾವ ತಮ್ಮ ಬಲಗೈ ಎತ್ತಿ ಹಿಂದೆ ಮುಂದೆ ನೋಡ್ಕೊಂಡ್ರು. ನಡುಗ್ತಾನೇ ಇತ್ತು. ಆಮೇಲೆ ಅನ್ನ ಕಲಸಿದ್ರು.

"ಮೊಟ್ಟೆ ಇನ್ನೊಂದಿದೆಯೇನಮ್ಮ?" ಅಂತ ನನ್ನನ್ನ ಕೇಳಿದ್ರು.

ಮಾರನೇ ದಿನ ಅಪ್ಪ ಮಗ ಇಬ್ಬರೂ ಹೊರಟ್ರು, ಅಂಗಡಿ ನನ್ನ ತಲೆಗೆ. ಸುಟ್ಟ ಪಾತಿಯ ಮೇಲ್ಮಣ್ಣು ಕೆರೆದು ತೆಗೆದ್ರು. "ಬಟ್ಟೆಗೆ ಸೋಡ ಜಾಸ್ತಿಯಾದ್ರೆ ಏನ್ ಮಾಡ್ತೀಯ? ಜಾಲಾಡು" ಅಂದ್ರಂತೆ ಮಾವ. ನಮ್ಮನೆಯವರು ಗೇಟಿನ ನಲ್ಲಿಯಿಂದ ಒಳ್ಳೇ ನೀರು ಹೊತ್ತು ಹೊತ್ತು ನೆಲಾನ ಜಾಲಾಡಿದ್ರು. ಆದ್ರೂ ಅಲ್ಲಿ ಈ ಸಲ ಬೆಳೆ ಬರೋದು ಅನುಮಾನ. ನಗರಸಭೆಯೋರು ಬಂದು ನೋಡೋಕೆ ಉಳಿದಿದ್ದು ಒಂದೇ ವಾರ ಚಿಲ್ಲರೆ. ಕೊನೆಗೆ ಪರದೆ ಮುಚ್ಚಿದ್ದ ಅರ್ಧ ನೆನಪಾಯ್ತು. ಅಂಗಡಿ ಬೇಗ ಮುಚ್ಚಿ ನಾವೂ ಓಡಿದ್ವಿ.

ಪರದೆ ಎತ್ತಿದ್ರೆ ಹುಲ್ಲೆಲ್ಲ ಬಿಳಿಚಿ ಕೊಳೆತುಹೋಗಿತ್ತು. ಅಡಿಯಲ್ಲಿ ಕಪ್ಪು ಮಣ್ಣು, ಕೈ ಹಾಕಿದ್ರೆ ಹಾಗೇ ಒಳಗೆ ಹೋಗ್ತಿತ್ತು. ಎರೆಹುಳ ನೋಡಿ ಪುಟ್ಟಿ ಕಿರುಚಿದ್ಳು. ಊರಿಂದ ಬಂದಿದ್ದ ಟೋಪಿ ಅಕ್ಕ ಮೂಲಂಗಿ ಬೀಜ ಕೊಟ್ರು. "ನಾಲ್ಕೈದು ದಿನಕ್ಕೆ ತಲೆ ಎತ್ತತ್ತೆ. ಇದಕ್ಕಿಂತ ಬೇಗ ಬರೋದು ಕಳೆ ಒಂದೇ" ಅಂದ್ರು.

ಎಲ್ಲ ಸೇರಿ ಅಗೆದು ಸಾಲು ಮಾಡಿದ್ವಿ. ಮಾವ ಬೀಜದ ಪೊಟ್ಟಣ ಬಿಚ್ಚಿ ಮಗನ ಎದುರು ಹಿಡಿದ್ರು.

"ಕೈ ಒಡ್ಡು."

"ನಾನು ಬೇಡ ಅಪ್ಪಾ. ನಾನು ಮುಟ್ಟಿ ಆಗಿದ್ದು ಸಾಕು. ನೀವೇ ಹಾಕಿ."

"ಒಂದ್ ಸಲ ಕೆಟ್ಟಿತು ಅಂತ ಕೈಯಿಂದ ಕೆಲಸ ಕಿತ್ಕೊಂಡುಬಿಡೋದೇನೋ?" ಅಂದ್ರು ಮಾವ. ದನಿ ಏರಿಸ್ಲಿಲ್ಲ. "ಹಾಗೆ ಮಾಡಿದ್ರೆ ಮನುಷ್ಯ ಬದುಕೋದು ಹೇಗೆ? ಒಡ್ಡು ಕೈ."

ನಮ್ಮನೆಯವರು ಮಣ್ಣಲ್ಲೇ ಮೊಣಕಾಲೂರಿ ಕೂತುಬಿಟ್ರು. "ತಪ್ಪಾಯ್ತು ಅಪ್ಪಾ. ಆವತ್ತು ಹಾಗೆ ಕಿತ್ಕೋಬಾರದಿತ್ತು. ಜನರ ಮುಂದೆ." ಕೊನೆಗೂ ಬಂತು ಬಾಯಿಗೆ. ಮಾವ ಅವರ ತಲೆ ಮೇಲೆ ಕೈಯಿಟ್ಟು ಒಂದು ಸಲ ಅಲ್ಲಾಡಿಸಿ, ಅಂಗೈಗೆ ಬೀಜ ಸುರಿದ್ರು. ಅರ್ಧ ಪಕ್ಕಕ್ಕೆ ಚೆಲ್ಲಿತು. ಚೆಲ್ಲಿದ ಕಡೇನೇ ಮಣ್ಣು ಮುಚ್ಚಿದ್ವಿ.

ನಗರಸಭೆಯ ಮೇಲ್ವಿಚಾರಕಿ ಬಂದಾಗ ಮೂಲಂಗಿ ಎರಡೆರಡು ಎಲೆ ಬಿಟ್ಟಿತ್ತು. ಸಾಲು ಒಂದೂ ನೆಟ್ಟಗಿರಲಿಲ್ಲ. ಆಕೆ ಸುತ್ತಲೂ ನಡೆದು, ಒಂದು ಕಡೆ ಬಗ್ಗಿ ನೋಡಿ, "ಚೆನ್ನಾಗಿ ಬಂದಿದೆ. ಬೀಜ ಸ್ವಲ್ಪ ಒತ್ತಾಯ್ತು, ಕಿತ್ತು ತೆಳು ಮಾಡಿ. ಮುಂದುವರಿಸಿ ಯಜಮಾನ್ರೇ" ಅಂದ್ರು. ಅಷ್ಟೇ. ಅತ್ತೆ ಟೋಪಿ ಅಕ್ಕನ ಕೈ ಹಿಡಿದು ಕುಣಿಯೋದೊಂದು ಬಾಕಿ.

ಕಿತ್ತ ಎಳೆ ಮೂಲಂಗಿ ಸೊಪ್ಪನ್ನ ಅವತ್ತೇ ಬೇಳೆಗೆ ಹಾಕಿದೆ. ಎಲ್ಲರೂ ಎರಡೆರಡು ಸಲ ಬಡಿಸ್ಕೊಂಡ್ರು. ಸ್ವಲ್ಪ ಕಹಿ ಇತ್ತು, ಯಾರೂ ಹೇಳ್ಲಿಲ್ಲ. ಊಟ ಮುಗೀತಾ ಬಂದಾಗ ನಮ್ಮನೆಯವರು ಗಂಟಲು ಸರಿಮಾಡ್ಕೊಂಡ್ರು.

"ಅಪ್ಪಾ, ನಾಳೆಯಿಂದ ಬೆಳಗ್ಗೆ ಹೊತ್ತು ಅಂಗಡಿಗೆ ಬರ್ತೀರಾ? ದಿಂಬಿನ ಕವರು, ಟವೆಲು ರಾಶಿ ಇದೆ. ಇಸ್ತ್ರಿ ನೀವು ಮಾಡಿದ ಹಾಗೆ ನನಗೆ ಬರಲ್ಲ."

ಅತ್ತೆ ಕೈಯಲ್ಲಿದ್ದ ಸೌಟು ಹಾಗೇ ನಿಂತ್ಕೊಂತು. ಪುಟ್ಟಿ ನನ್ನ ಮುಖ ನೋಡಿದ್ಳು. ಈ ಒಂದು ಮಾತಿಗೆ ಆ ಮನುಷ್ಯ ಕಿಟಕಿ ಹತ್ರ ಎಷ್ಟು ದಿನ ಕಾದಿದ್ರು ಅಂತ ನಮಗೆಲ್ಲ ಗೊತ್ತಿತ್ತು.

ಮಾವ ಬಟ್ಟಲಿನ ತಳ ಬಳಿದು ತಿಂದು, ಬೆರಳು ನೆಕ್ಕೊಂಡು, ಎದ್ರು.

"ನಂಗೆಲ್ಲೋ ಪುರುಸೊತ್ತು?" ಅಂದ್ರು. "ಮೂಲಂಗಿಗೆ ನೀರು ಯಾರು ಹಾಕ್ತಾರೆ, ನೀನಾ?"